ಕಂದು ಹಾಕಿದ ಕುರಿ, ಆರು ತಿಂಗಳ ಜ್ವರ: ದಾವಣಗೆರೆಯ ಒಂದು ಪ್ರಕರಣ ಅಧ್ಯಯನ

ಜುಲೈ ಮೊದಲ ವಾರದ ಒಂದು ಮಧ್ಯಾಹ್ನ, ಹೊರರೋಗಿ ವಿಭಾಗದ ಸಾಲು ಕರಗುತ್ತಿದ್ದ ಹೊತ್ತಿನಲ್ಲಿ, ಜಗಳೂರು ಸೀಮೆಯ ಕುರಿಗಾಹಿಯೊಬ್ಬರು ಹೆಂಡತಿಯ ಹೆಗಲ ಮೇಲೆ ಕೈಯೂರಿಕೊಂಡು ನಮ್ಮ ಮೆಡಿಸಿನ್ ಘಟಕಕ್ಕೆ ಬಂದರು. ವಯಸ್ಸು ನಲವತ್ತೆಂಟು. ಕೈಯಲ್ಲಿದ್ದ ಚೀಲದೊಳಗೆ ಮೂರು ಊರುಗಳ ವೈದ್ಯರ ಚೀಟಿಗಳು, ಸುರುಳಿ ಸುತ್ತಿದ ಒಂದು ಎಂಆರ್‌ಐ ಫಿಲಂ ಮತ್ತು ಅರ್ಧ ಖಾಲಿಯಾದ ಕ್ಷಯದ ಮಾತ್ರೆಗಳ ಪಟ್ಟಿಗಳಿದ್ದವು. ಅವರನ್ನು ಒಳರೋಗಿಯಾಗಿ ಸೇರಿಸಿಕೊಂಡೆವು. ರೋಗಿಯ ಗುರುತು ಸಿಗಬಾರದೆಂದು ಊರಿನ ಹೆಸರನ್ನು ಕೈಬಿಟ್ಟು, ವಯಸ್ಸು ಮತ್ತು ಕುಟುಂಬಕ್ಕೆ ಸಂಬಂಧಿಸಿದ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ರೋಗದ ನಡೆಯನ್ನು ಬದಲಿಸಿಲ್ಲ.

ಅವರು ಹೇಳಿದ ಕಥೆ ಹೀಗಿತ್ತು. ಜನವರಿಯಲ್ಲಿ ಜ್ವರ ಶುರುವಾಯಿತು. ಬೆಳಿಗ್ಗೆ ಹೊತ್ತು ಹಗುರವಾಗಿರುತ್ತಿದ್ದ ಮೈ ಸಂಜೆ ಕುರಿ ಕೂಡುವ ವೇಳೆಗೆ ಚಳಿ ಹಿಡಿದು ನಡುಗುತ್ತಿತ್ತು. ರಾತ್ರಿ ಬೆವರು ಎಷ್ಟು ಇಳಿಯುತ್ತಿತ್ತೆಂದರೆ ಹೊದ್ದ ಕಂಬಳಿಯನ್ನು ಬೆಳಿಗ್ಗೆ ಬಿಸಿಲಿಗೆ ಹರವಬೇಕಾಗುತ್ತಿತ್ತು. ಎಂಟು ಹತ್ತು ದಿನ ಹೀಗಾಗಿ, ನಾಲ್ಕೈದು ದಿನ ತಾನೇ ಬಿಟ್ಟು, ಮತ್ತೆ ಬರುತ್ತಿತ್ತು. ಮಾರ್ಚ್ ಹೊತ್ತಿಗೆ ಸೊಂಟ ಹಿಡಿಯಿತು. ಕೂತರೆ ಏಳಲಾಗದು, ಎದ್ದರೆ ಬಾಗಲಾಗದು. ತೂಕ 61 ಕಿಲೋದಿಂದ 52ಕ್ಕೆ ಇಳಿದಿತ್ತು. ಏಪ್ರಿಲ್‌ನಲ್ಲಿ ಬೇರೊಂದು ಊರಿನ ಆಸ್ಪತ್ರೆಯಲ್ಲಿ ತೆಗೆದ ಎಂಆರ್‌ಐಯಲ್ಲಿ ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳು (ಬೆನ್ನುಮೂಳೆಯ ಮಣಿಗಳು) ಹಾಗೂ ಅವುಗಳ ನಡುವಿನ ಬಿಲ್ಲೆ ಸೋಂಕಿನಿಂದ ಊದಿಕೊಂಡಿದ್ದು ಕಂಡಿತ್ತು. ಬೆನ್ನುಮೂಳೆಯ ಕ್ಷಯವೆಂದು ನಿರ್ಧರಿಸಿ, ತುಣುಕು ತೆಗೆದು ಪರೀಕ್ಷಿಸದೆಯೇ, ನಾಲ್ಕು ಔಷಧಿಗಳ ಸಂಯುಕ್ತ ಮಾತ್ರೆಯನ್ನು ಶುರುಮಾಡಲಾಗಿತ್ತು.

ಈ ನಿರ್ಧಾರವನ್ನು ಹೀಗಳೆಯುವುದು ಸುಲಭ. ನಾನು ಹೀಗಳೆಯುವುದಿಲ್ಲ. ನಮ್ಮ ದೇಶದಲ್ಲಿ ತಿಂಗಳುಗಟ್ಟಲೆ ಜ್ವರ, ಇಳಿದ ತೂಕ, ರಾತ್ರಿ ಬೆವರು ಮತ್ತು ಕೆಟ್ಟ ಕಶೇರು ಒಟ್ಟಿಗೆ ಕಂಡರೆ ನೂರಕ್ಕೆ ಬಹುಪಾಲು ಸಲ ಅದು ಕ್ಷಯವೇ ಆಗಿರುತ್ತದೆ, ಮತ್ತು ಬೆನ್ನುಹುರಿ ಒತ್ತಿಹೋಗುವವರೆಗೆ ಕಾಯುವುದಕ್ಕಿಂತ ಮದ್ದು ಶುರುಮಾಡುವುದು ವಿವೇಕವೆಂದೇ ನಾವೂ ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ತೊಡಕಾದದ್ದು ಬೇರೆ ಕಡೆ. ಮಾತ್ರೆ ಶುರುವಾದ ಮೂರು ವಾರದಲ್ಲಿ ಜ್ವರ ತಗ್ಗಿತು, ಸೊಂಟ ಸ್ವಲ್ಪ ಸಡಿಲವಾಯಿತು. ಮದ್ದಿಗೆ ರೋಗ ಬಗ್ಗಿತೆಂದರೆ ರೋಗನಿದಾನ ಸರಿಯೆಂದು ಎಲ್ಲರೂ ತಿಳಿಯುತ್ತಾರೆ. ಆದರೆ ಆ ಸಂಯುಕ್ತ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಕ್ಷಯದ ಮೇಲಷ್ಟೇ ಅಲ್ಲ, ಇನ್ನೂ ಕೆಲವು ರೋಗಾಣುಗಳ ಮೇಲೂ ಕೆಲಸ ಮಾಡುತ್ತದೆ. ಆ ರೋಗಾಣುಗಳಿಗೆ ಬೇಕಾದ ಜೊತೆಮದ್ದಿಲ್ಲದೆ ಕೊಟ್ಟರೆ ಅವನ್ನು ಕೊಲ್ಲದೆ ಬರೀ ಅಡಗಿಸಿ ಇಡುತ್ತದೆ. ಜೂನ್ ನಡುವಿನಲ್ಲಿ ಹಿಂಡಿನ ಜೊತೆ ಊರು ಬಿಟ್ಟ ರೋಗಿ, ಮೂತ್ರ ಕೆಂಪಗಾದ ಭಯಕ್ಕೂ ವಾಂತಿಗೂ ಬೇಸತ್ತು ಮಾತ್ರೆ ನಿಲ್ಲಿಸಿದರು. ಕ್ಷಯ ವಿಭಾಗದ ಕಾರ್ಯಕರ್ತರು ಎರಡು ಸಲ ಮನೆಗೆ ಹೋಗಿ ಬೀಗ ನೋಡಿಕೊಂಡು ಬಂದಿದ್ದರು. ನಿಲ್ಲಿಸಿದ ಹತ್ತೇ ದಿನಕ್ಕೆ ಜ್ವರ ಮರಳಿತು.

ಪರೀಕ್ಷಿಸಿದಾಗ ಮೈ ಕಾದಿತ್ತು, ಊದಿದ ಗುಲ್ಮ (ಸ್ಪ್ಲೀನ್) ಎಡಪಕ್ಕೆಲುಬಿನ ಕೆಳಗೆ ಎರಡು ಬೆರಳು ತಗಲುತ್ತಿತ್ತು, ಸೊಂಟದ ಕೆಳಭಾಗವನ್ನು ತಟ್ಟಿದರೆ ನೋವಾಗುತ್ತಿತ್ತು. ಬೆನ್ನಿನಲ್ಲಿ ಗೂನಿರಲಿಲ್ಲ, ಕಾಲುಗಳ ಬಲ ಸರಿಯಾಗಿತ್ತು. ಹಿಮೋಗ್ಲೋಬಿನ್ 10.2, ಬಿಳಿರಕ್ತಕಣ 4,600, ಅದರಲ್ಲಿ ಅರ್ಧದಷ್ಟು ಲಿಂಫೋಸೈಟುಗಳು, ಮೈಯೊಳಗಿನ ಉರಿಯೂತವನ್ನು ಸೂಚಿಸುವ ಇಎಸ್‌ಆರ್ 64. ಯಕೃತ್ತಿನ ಕಿಣ್ವಗಳು ಕೊಂಚ ಏರಿದ್ದವು. ಅದನ್ನು ಕ್ಷಯದ ಮಾತ್ರೆಗಳ ಲೆಕ್ಕಕ್ಕೆ ಬರೆದುಕೊಂಡೆವು. ಎದೆಯ ಎಕ್ಸ್‌ರೇ ಸ್ವಚ್ಛವಾಗಿತ್ತು. ಮಲೇರಿಯಾ, ಡೆಂಗಿ, ಎಚ್‌ಐವಿ ಯಾವುದೂ ಇರಲಿಲ್ಲ. ಟೈಫಾಯಿಡ್‌ಗೆ ಮಾಡುವ ವಿಡಾಲ್ ಪರೀಕ್ಷೆಯ ಫಲಿತ ಲೆಕ್ಕಕ್ಕೆ ಹಿಡಿಯುವಷ್ಟಿರಲಿಲ್ಲ.

ರೋಗಿಯ ವಿವರ ಬರೆದುಕೊಂಡಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿ ಮರುದಿನದ ರೌಂಡ್ಸ್‌ನಲ್ಲಿ ಮಂಡಿಸಿದ ಅಭಿಪ್ರಾಯ ಔಷಧಿಗೆ ಬಗ್ಗದ ಕ್ಷಯವಿರಬಹುದು ಎಂಬುದು. ಮದ್ದು ನಡುವೆ ಬಿಟ್ಟವರು, ಜ್ವರ ಮರಳಿದವರು. ತರ್ಕ ಸರಿಯಾಗಿಯೇ ಇತ್ತು. ನಾನೂ ತಲೆಯಾಡಿಸಿ ಕೇಸ್ ಶೀಟಿಗೆ ಸಹಿ ಹಾಕಿದೆ. ಬಿಳಿರಕ್ತಕಣ ಇಷ್ಟು ಕಡಿಮೆ ಯಾಕೆ ಎಂಬ ಒಂದು ಸಣ್ಣ ಮುಳ್ಳು ಮಾತ್ರ ಒಳಗೆ ಉಳಿದಿತ್ತು. ಹಿಂದಿನ ರಾತ್ರಿ ಚಳಿ ಏರಿದಾಗ ಎರಡು ಬಾಟಲಿ ರಕ್ತವನ್ನು ಕಲ್ಚರ್‌ಗೆ, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದ್ದರು. ಅದು ನಮ್ಮ ಘಟಕದ ದಿನನಿತ್ಯದ ಅಭ್ಯಾಸವೇ ಹೊರತು ಯಾವುದೋ ಒಳನೋಟದ ಫಲವಲ್ಲ.

ಪ್ರಯೋಗಾಲಯದ ಮೇಜಿನ ಮೇಲೆ

ಕಲ್ಚರ್ ಯಂತ್ರದಲ್ಲಿಟ್ಟ ಬಾಟಲಿಗಳಲ್ಲಿ ಸಾಮಾನ್ಯ ರೋಗಾಣುಗಳು ಒಂದೆರಡು ದಿನದಲ್ಲೇ ಸುಳಿವು ಕೊಡುತ್ತವೆ. ಈ ರೋಗಿಯ ಬಾಟಲಿ ಐದನೆಯ ದಿನ ಕೂಗಿತು. ಯಂತ್ರದ ಅವಧಿಯೇ ಐದು ದಿನಕ್ಕೆ ಮುಗಿಯುತ್ತಿತ್ತು. ಇನ್ನೊಂದು ಅರ್ಧ ದಿನ ತಡವಾಗಿದ್ದರೆ ಬಾಟಲಿ ಕಸಕ್ಕೆ ಹೋಗಿ, ‘ಬೆಳವಣಿಗೆಯಿಲ್ಲ’ ಎಂಬ ವರದಿ ವಾರ್ಡಿಗೆ ಬರುತ್ತಿತ್ತು. ಗ್ರಾಂ ಬಣ್ಣ ಹಾಕಿ ನೋಡಿದಾಗ ಗಾಜಿನ ಮೇಲೆ ನಸುಗೆಂಪು ಮರಳಿನ ನುಣ್ಣನೆಯ ಪುಡಿ ಚೆಲ್ಲಿದಂತೆ ತೀರಾ ಸಣ್ಣ ಕಣಗಳು ಕಂಡವು. ದುಂಡಗಿವೆಯೋ ಉದ್ದಕ್ಕಿವೆಯೋ ಎಂದು ಹೇಳಲಾಗದಷ್ಟು ಸಣ್ಣವು. ತಂತ್ರಜ್ಞರು ಎಂದಿನಂತೆ ತೆರೆದ ಮೇಜಿನ ಮೇಲೆಯೇ ಅದನ್ನು ರಕ್ತದ ಅಗಾರ್ ತಟ್ಟೆಗೆ ಎಳೆದರು. ಎರಡು ದಿನ ಕಳೆದ ಮೇಲೆ ಸೂಜಿಮೊನೆಯಂಥ ಚುಕ್ಕೆಗಳು ಎದ್ದವು.

ಅವನ್ನು ಸ್ವಯಂಚಾಲಿತ ಗುರುತು ಯಂತ್ರಕ್ಕೆ ಹಾಕಿದಾಗ ಬಂದ ಹೆಸರು ಓಕ್ರೋಬ್ಯಾಕ್ಟ್ರಂ. ಮಣ್ಣುನೀರಿನಲ್ಲಿ ಬದುಕುವ, ಆಸ್ಪತ್ರೆಯಲ್ಲಿ ಹೆಚ್ಚಾಗಿ ಕಲಬೆರಕೆಯಾಗಿ ಸಿಗುವ ಬಡಪಾಯಿ ಜೀವಿ ಅದು. ಯಂತ್ರದ ಸ್ಮೃತಿಯಲ್ಲಿರುವ ಹೆಸರುಗಳಿಂದಲೇ ಯಂತ್ರ ಉತ್ತರ ಕೊಡಬೇಕು. ಕುರಿ, ಮೇಕೆ, ದನಗಳಿಂದ ಮನುಷ್ಯರಿಗೆ ಅಂಟುವ ಬ್ರುಸೆಲ್ಲಾ ಎಂಬ ರೋಗಾಣುವನ್ನು ಅದರ ಹತ್ತಿರದ ನೆಂಟನಾದ ಓಕ್ರೋಬ್ಯಾಕ್ಟ್ರಂ ಎಂದು ಇಂಥ ಯಂತ್ರಗಳು ತಪ್ಪಾಗಿ ಹೇಳುವುದು ಜಗತ್ತಿನ ಹಲವೆಡೆ ದಾಖಲಾಗಿದೆ. ಇವೆರಡರ ನೆಂಟಸ್ತನ ಎಷ್ಟು ಹತ್ತಿರದ್ದೆಂದರೆ, 2020ರಲ್ಲಿ ಕೆಲವು ವರ್ಗೀಕರಣಕಾರರು ಓಕ್ರೋಬ್ಯಾಕ್ಟ್ರಂ ಜಾತಿಗಳನ್ನೂ ಬ್ರುಸೆಲ್ಲಾ ಕುಲಕ್ಕೇ ಸೇರಿಸಿಬಿಟ್ಟರು. ಒಂದು ಬಡಪಾಯಿ, ಇನ್ನೊಂದು ಪ್ರಯೋಗಾಲಯದ ಸಿಬ್ಬಂದಿಯನ್ನೇ ಹಿಡಿಯುವಂಥದ್ದು. ಎರಡಕ್ಕೂ ಒಂದೇ ಮನೆತನದ ಹೆಸರು ಬಂದರೆ ಅಪಾಯವೆಂದು ರೋಗಿಗಳನ್ನು ನೋಡುವ ವೈದ್ಯರು ತಕರಾರು ಎತ್ತಿದ್ದಾರೆ. ಆ ತಕರಾರು ಸರಿಯೆಂದು ನನಗೆ ಈ ಪ್ರಕರಣದಲ್ಲಿ ಮನವರಿಕೆಯಾಯಿತು.

ಸೂಕ್ಷ್ಮಾಣುಜೀವಿಶಾಸ್ತ್ರ ವಿಭಾಗದ ಸಹಾಯಕ ಪ್ರಾಧ್ಯಾಪಕರು ಆ ವರದಿಗೆ ಸಹಿ ಹಾಕಲಿಲ್ಲ. ರೋಗಾಣು ಯೂರಿಯಾವನ್ನು ಒಡೆಯುತ್ತದೆಯೇ ಎಂದು ನೋಡುವ ಯೂರಿಯೇಸ್ ನಳಿಕೆ ಕೆಲವೇ ನಿಮಿಷಗಳಲ್ಲಿ ಗುಲಾಬಿಗೆ ತಿರುಗಿತ್ತು, ಚುಕ್ಕೆಗಳು ಇಷ್ಟು ನಿಧಾನಕ್ಕೆ ಬೆಳೆದಿದ್ದವು. ಇವೆರಡೂ ಒಟ್ಟಿಗೆ ಓಕ್ರೋಬ್ಯಾಕ್ಟ್ರಂಗೆ ಹೊಂದುವಂತೆ ಅವರಿಗೆ ಕಾಣಲಿಲ್ಲ. ತಟ್ಟೆಗಳನ್ನು ಮುಚ್ಚಿ ಟೇಪು ಸುತ್ತಿ, ಜೈವಿಕ ಸುರಕ್ಷತೆಯ ಪೆಟ್ಟಿಗೆಯೊಳಗೆ ಇಡಿಸಿ, ವಾರ್ಡಿಗೆ ತಾವೇ ನಡೆದು ಬಂದರು. ಅವರು ಹಿರಿಯೂರು ಕಡೆಯ ಹಳ್ಳಿಯೊಂದರಲ್ಲಿ ಬೆಳೆದವರು. ಅದು ಇಲ್ಲಿ ಮುಖ್ಯವಾಗುತ್ತದೆ.

ಹಾಸಿಗೆಯ ಪಕ್ಕ ಕೂತು ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಈ ವರ್ಷ ಕುರಿ ಏನಾದ್ರೂ ಕಂದು ಹಾಕಿದ್ವಾ?’

ರೋಗಿ ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದರು: ‘ಹನ್ನೊಂದು ಕುರಿ ಕಂದಾಕಿದ್ವು ಸಾರ್. ಬಂದ ದಿನಾನೇ ಆ ಮೇಡಂಗೆ ಹೇಳಿದ್ವಲ್ಲ.’

ಹೇಳಿದ್ದು ನಿಜ. ವಿದ್ಯಾರ್ಥಿನಿ ಬೆಂಗಳೂರಿನಲ್ಲಿ ಬೆಳೆದವರು, ಕನ್ನಡ ಅವರ ಮನೆಮಾತು. ಆದರೆ ಅವರ ಕನ್ನಡದಲ್ಲಿ ‘ಕಂದು’ ಎಂದರೆ ಒಂದು ಬಣ್ಣ. ಕುರಿಯೋ ಎಮ್ಮೆಯೋ ದಿನ ತುಂಬುವ ಮೊದಲೇ ಸತ್ತ ಮರಿಯನ್ನು ಈಯುವುದಕ್ಕೆ ಬಯಲುಸೀಮೆಯಲ್ಲಿ ‘ಕಂದು ಹಾಕುವುದು’ ಎನ್ನುತ್ತಾರೆಂದು, ಪಶುವೈದ್ಯ ಇಲಾಖೆಯ ಕರಪತ್ರಗಳು ಬ್ರುಸೆಲ್ಲೋಸಿಸ್ಸನ್ನು ‘ಕಂದು ರೋಗ’ ಎಂದೇ ಕರೆಯುತ್ತವೆಂದು ಅವರಿಗೆ ಗೊತ್ತಿರಲಿಲ್ಲ. ಮಂದೆಯ ಕುರಿಗಳ ಬಣ್ಣದ ಬಗ್ಗೆ ಹೆಂಗಸು ಏನೋ ಹೇಳುತ್ತಿದ್ದಾರೆಂದುಕೊಂಡು ಅದನ್ನು ಬರೆದುಕೊಳ್ಳದೆ ಬಿಟ್ಟಿದ್ದರು. ಇದನ್ನು ಅವರೇ ತುಸು ಅಳುಕಿನಿಂದ ನನಗೆ ಹೇಳಿದರು. ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ.

ತಪ್ಪನ್ನು ಆಕೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆಕೆ ತಪ್ಪಿಸಿದ್ದನ್ನು ಹಿಡಿಯಬೇಕಾದ ಜರಡಿಗಳು ಇನ್ನೂ ಎರಡಿದ್ದವು. ನೋಂದಣಿ ಕಿಟಕಿಯಲ್ಲಿ ‘ಉದ್ಯೋಗ’ ಎಂಬ ಕಾಲಂ ಇದೆ. ಹಳ್ಳಿಯಿಂದ ಬಂದ ಗಂಡಸರೆಲ್ಲ ಅಲ್ಲಿ ‘ಕೃಷಿ’ಕರಾಗಿಬಿಡುತ್ತಾರೆ, ಹೆಂಗಸರೆಲ್ಲ ‘ಗೃಹಿಣಿ’ಯರಾಗುತ್ತಾರೆ. ಈ ರೋಗಿಗೆ ಇರುವುದು ಒಂದೂವರೆ ಎಕರೆ ಖುಷ್ಕಿ, ಅದನ್ನು ಅಣ್ಣ ನೋಡಿಕೊಳ್ಳುತ್ತಾನೆ. ಅವರ ಬದುಕು ನಡೆಯುವುದು ಬಳ್ಳಾರಿ ತಳಿಯ ತೊಂಬತ್ತು ಕುರಿ ಮತ್ತು ಹಾಲಿಗೆಂದು ಜೊತೆಯಲ್ಲಿಟ್ಟುಕೊಂಡ ಆರು ಮೇಕೆಗಳ ಮೇಲೆ. ಎರಡನೆಯ ಜರಡಿ ನಾನು. ಹೆಗಲ ಮೇಲೆ ಕಂಬಳಿ ಇದ್ದವರನ್ನು ಕಣ್ಣೆದುರು ಕಂಡೂ ‘ಕೃಷಿ’ ಎಂದಿದ್ದ ಹಾಳೆಗೆ ಸಹಿ ಹಾಕಿದವನು.

ಆಮೇಲೆ ಪೂರ್ತಿ ಕಥೆ ಬಂತು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮಂದೆಗಳು ಮೇವು ಕಡಿಮೆಯಾದಾಗ ಭದ್ರಾ ನಾಲೆಯ ಕಡೆ ಇಳಿಯುವುದು ಹಳೆಯ ಪದ್ಧತಿ. ಭತ್ತ ಕೊಯ್ದ ಗದ್ದೆಗಳಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಹಿಕ್ಕೆ, ಗಂಜಳ ಗದ್ದೆಗೆ; ಕಾಳೋ ದುಡ್ಡೋ ಕುರಿಯವನಿಗೆ. ಡಿಸೆಂಬರ್‌ನಲ್ಲಿ ಹರಿಹರದ ಹತ್ತಿರ ಹಾಗೆ ಮಂದೆ ಬಿಟ್ಟಿದ್ದಾಗ ಮೂರು ವಾರದೊಳಗೆ ಹನ್ನೊಂದು ಕುರಿ ಕಂದು ಹಾಕಿದವು. ಎರಡಕ್ಕೆ ಸತ್ತೆ (ಮಾಸು) ಬೀಳದೆ ರೋಗಿಯೇ ಕೈ ಹಾಕಿ ತೆಗೆದರು; ಬೆರಳುಗಳಲ್ಲಿ ಜಾಲಿಮುಳ್ಳಿನ ಗೀರುಗಳಿದ್ದವು. ಬದುಕಿದ್ದ ಒಂದು ಮರಿಯ ಮೂಗಿನ ಲೋಳೆಯನ್ನು ಬಾಯಿಟ್ಟು ಊದಿ ತೆಗೆದಿದ್ದರು. ಸತ್ತ ಮರಿಗಳನ್ನು ನಾಯಿಗಳು ಎಳೆದುಕೊಂಡು ಹೋದವು. ಮೇಕೆಯ ಹಾಲನ್ನು ಕೆಚ್ಚಲಿನಿಂದ ಹಿಂಡಿದ ಬೆಚ್ಚಗಿಗೇ ಕುಡಿಯುವುದು ಇವರಿಗೆ ರೂಢಿ. ಗದ್ದೆಯ ಬದುವಿನ ಮೇಲೆ ಒಲೆ ಹೂಡುವುದು ಮುದ್ದೆ ಬೇಯಿಸಲಿಕ್ಕೆ ಮಾತ್ರ.

ಇನ್ನೊಂದು ಸಂಗತಿಯೂ ಅಂದೇ ಹೊರಬಿತ್ತು. ಫೆಬ್ರವರಿಯಲ್ಲಿ ಒಂದು ಬೀಜ ಊದಿಕೊಂಡು ಹದಿನೈದು ದಿನ ನೋವಿತ್ತು. ಹೆಣ್ಣುಮಗಳು ಕೇಳುತ್ತಿದ್ದಾಗ ಹೇಳಲು ಅವರಿಗೆ ನಾಚಿಕೆ. ನಾವು ಯಾರೂ ಬಿಡಿಸಿ ಕೇಳಿರಲಿಲ್ಲ. ವೃಷಣದ ಉರಿಯೂತ ಈ ರೋಗ ಗಂಡಸರಲ್ಲಿ ಬಿಡುವ ದೊಡ್ಡ ಗುರುತುಗಳಲ್ಲೊಂದು.

ಹೆಸರು ಖಚಿತವಾದದ್ದು

ರಕ್ತದಲ್ಲಿ ಈ ರೋಗದ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳಿವೆಯೇ ಎಂದು ನೋಡುವ ರೋಸ್ ಬೆಂಗಾಲ್ ಪರೀಕ್ಷೆ ಅಗ್ಗದ್ದು, ಸರಳವಾದದ್ದು. ಬಿಳಿ ಹೆಂಚಿನ ಮೇಲೆ ರೋಗಿಯ ರಕ್ತಸಾರದ ಒಂದು ಹನಿ, ಗುಲಾಬಿ ಬಣ್ಣದ ಪ್ರತಿಜನಕದ (ಸತ್ತ ಬ್ರುಸೆಲ್ಲಾ ರೋಗಾಣುಗಳ ದ್ರಾವಣದ) ಒಂದು ಹನಿ; ಬೆರೆಸಿ ನಾಲ್ಕು ನಿಮಿಷ ತೊಟ್ಟಿಲಿನಂತೆ ತೂಗಬೇಕು. ಪ್ರತಿಕಾಯಗಳಿದ್ದರೆ ಗಂಟು ಕಟ್ಟುತ್ತದೆ. ಈ ಪ್ರತಿಜನಕ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ದನಕರುಗಳ ಪರೀಕ್ಷೆಗೆಂದು ತಯಾರಾಗುತ್ತದೆ, ಮನುಷ್ಯರಿಗೂ ಅದನ್ನೇ ಬಳಸುತ್ತೇವೆ. ನಮ್ಮ ಕಣ್ಣೆದುರೇ, ಒಂದು ನಿಮಿಷ ತುಂಬುವ ಮೊದಲು, ಗುಲಾಬಿ ನೀರು ಒಡೆದ ಹಾಲಿನಂತೆ ಗಂಟುಗಂಟಾಯಿತು.

ಅದನ್ನು ಅಳೆಯುವ ನಳಿಕೆ ಪರೀಕ್ಷೆ ಇನ್ನೊಂದು ಪಾಠವನ್ನು ಇಟ್ಟುಕೊಂಡಿತ್ತು. ರಕ್ತಸಾರವನ್ನು 1:20ರಿಂದ ಶುರುಮಾಡಿ ಪ್ರತಿ ನಳಿಕೆಗೂ ಎರಡು ಪಟ್ಟು ತೆಳ್ಳಗೆ ಮಾಡುತ್ತ ಹೋಗುವ ಪರೀಕ್ಷೆ ಅದು. ಮೊದಲ ಎರಡು ನಳಿಕೆಗಳಲ್ಲಿ, ಅಂದರೆ ರಕ್ತಸಾರ ಗಟ್ಟಿಯಾಗಿದ್ದಲ್ಲಿ, ಏನೂ ಆಗಿರಲಿಲ್ಲ. 1:80ರಿಂದ ಗಂಟು ಕಟ್ಟಲು ಶುರುವಾಗಿ 1:1280ರವರೆಗೂ ಕಟ್ಟಿತ್ತು. ಪ್ರತಿಕಾಯಗಳು ತೀರಾ ಹೆಚ್ಚಿದ್ದಾಗ ಅವು ಒಂದೊಂದು ರೋಗಾಣುವಿಗೂ ಮುತ್ತಿಕೊಂಡು, ಎರಡು ರೋಗಾಣುಗಳನ್ನು ಜೋಡಿಸಲು ಜಾಗವೇ ಇಲ್ಲದಂತೆ ಮಾಡುತ್ತವೆ. ಪ್ರೋಜೋನ್ ಎಂದು ಇದಕ್ಕೆ ಹೆಸರು. ಪ್ರತಿಜನಕ ಉಳಿಸಲೆಂದು ಮೊದಲ ಎರಡು ನಳಿಕೆ ನೋಡಿ ‘ಇಲ್ಲ’ ಎಂದು ಬರೆಯುವ ಪ್ರಯೋಗಾಲಯದಲ್ಲಿ ಈ ರೋಗಿ ಕಂದು ರೋಗವಿಲ್ಲದವರಾಗಿಬಿಡುತ್ತಿದ್ದರು. ಸಾಮಾನ್ಯವಾಗಿ 1:160 ಮತ್ತು ಅದಕ್ಕಿಂತ ಹೆಚ್ಚಿನ ಅಳತೆಯನ್ನು, ರೋಗಲಕ್ಷಣಗಳ ಜೊತೆಗಿಟ್ಟು, ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಬೆಳೆಸಿದ ರೋಗಾಣುವನ್ನು ಮೇಲಿನ ಹಂತದ ಪ್ರಯೋಗಾಲಯಕ್ಕೆ ಕಳಿಸಿದಾಗ ಬ್ರುಸೆಲ್ಲಾ ಮೆಲಿಟೆನ್ಸಿಸ್ ಎಂದು ಖಚಿತವಾಯಿತು. ಕುರಿ ಮೇಕೆಗಳಲ್ಲಿರುವ ಜಾತಿ ಅದು, ಮನುಷ್ಯರನ್ನು ಅತಿ ಹೆಚ್ಚು ಕಾಡುವುದೂ ಅದೇ.

ಹಳೆಯ ಎಂಆರ್‌ಐಯನ್ನು ರೇಡಿಯಾಲಜಿಯ ಸಹೋದ್ಯೋಗಿಯ ಜೊತೆ ಮತ್ತೆ ನೋಡಿದೆವು. ಗೊತ್ತಾದ ಮೇಲೆ ಎಲ್ಲವೂ ಕಾಣುತ್ತದೆಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಕಶೇರುಗಳು ಕುಸಿದಿರಲಿಲ್ಲ, ಕೆಡುಕು ಮುಂಭಾಗದ ಮೇಲಂಚಿನಿಂದ ಶುರುವಾಗಿತ್ತು, ಪಕ್ಕದಲ್ಲಿ ಕ್ಷಯದಲ್ಲಿ ಕಾಣುವಂಥ ದೊಡ್ಡ ಕೀವಿನ ಚೀಲವಿರಲಿಲ್ಲ. ಫಿಲಂನ ಕೆಳಮೂಲೆಯಲ್ಲಿ, ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಬಲಗಡೆಯ ತ್ರಿಕ-ಶ್ರೋಣಿ ಕೀಲು ಅರ್ಧ ಕತ್ತರಿಸಿಹೋದಂತೆ ಕಾಣುವ ಜಾಗದಲ್ಲಿ, ಒಂದು ಬಿಳಿ ಮಸುಕಿತ್ತು. ಕ್ಷಯ ಬೆನ್ನಿನ ನಡುಭಾಗವನ್ನು ಇಷ್ಟಪಟ್ಟು ಕಶೇರುವನ್ನು ಕುಸಿಸುತ್ತದೆ. ಕಂದು ರೋಗ ಸೊಂಟದ ಬುಡಕ್ಕೆ ಇಳಿಯುತ್ತದೆ, ಮೂಳೆಯ ಆಕಾರವನ್ನು ಬಹುಮಟ್ಟಿಗೆ ಉಳಿಸುತ್ತದೆ. ಆದರೂ ಇವೆರಡನ್ನು ಚಿತ್ರದಿಂದಲೇ ಬೇರ್ಪಡಿಸಬಲ್ಲೆನೆಂದು ಹೇಳುವವರನ್ನು ನಾನು ನಂಬುವುದಿಲ್ಲ. ಸಿಟಿ ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ಮೂಳೆಯ ತುಣುಕು ತೆಗೆಸಿದೆವು. ಕ್ಷಯದ ರೋಗಾಣುವಿನ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲಿ ಕ್ಷಯದ ಗುರುತಿರಲಿಲ್ಲ. ಅಂಗಾಂಶದಲ್ಲಿ ಕ್ಷಯದ ಗಿಣ್ಣಿನಂಥ ಕೊಳೆತವಿಲ್ಲದ ಗಂಟುಗಳು ಮಾತ್ರ ಇದ್ದವು. ಕ್ಷಯದ ಕಲ್ಚರ್‌ಗೆ ಆರು ವಾರ ಕಾಯಬೇಕಿತ್ತು.

ಈ ರೋಗ ವೈದ್ಯಶಾಸ್ತ್ರಕ್ಕೆ ಹೊಸತೇನಲ್ಲ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಸತ್ತ ಸೈನಿಕರ ಗುಲ್ಮದಿಂದ ಡೇವಿಡ್ ಬ್ರೂಸ್ ಈ ರೋಗಾಣುವನ್ನು ಬೆಳೆಸಿದರು; ಅದು ಮೇಕೆಯ ಹಾಲಿನಿಂದ ಬರುತ್ತದೆಂದು 1905ರಲ್ಲಿ ತೋರಿಸಿದವರು ಅದೇ ದ್ವೀಪದ ಥೆಮಿಸ್ಟೋಕ್ಲಿಸ್ ಜಮ್ಮಿತ್. ನಮ್ಮ ರಾಜ್ಯಕ್ಕೂ ಹೊಸತಲ್ಲ. ವಿಜಯಪುರದ ವೈದ್ಯಕೀಯ ಕಾಲೇಜಿನ ಸೂಕ್ಷ್ಮಾಣುಜೀವಿಶಾಸ್ತ್ರದ ಅಧ್ಯಾಪಕರಾಗಿದ್ದ ಬಿ.ಜಿ. ಮಂಟೂರ ಮತ್ತು ಸಂಗಡಿಗರು 16 ವರ್ಷಗಳ ಅನುಭವವನ್ನು ಒಟ್ಟುಮಾಡಿ 495 ವಯಸ್ಕ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದ್ದಾರೆ. ಆ ಕೆಲಸದ ಗುಟ್ಟು ಸರಳ: ಅವರ ಪ್ರಯೋಗಾಲಯಕ್ಕೆ ಬಂದ ರಕ್ತವನ್ನೆಲ್ಲ, ವೈದ್ಯರು ಕೇಳಲಿ ಬಿಡಲಿ, ಕಂದು ರೋಗಕ್ಕೂ ಪರೀಕ್ಷಿಸುತ್ತಿದ್ದರು. ಕುರಿಯ ಲೆಕ್ಕದಲ್ಲಿ ಚಿತ್ರದುರ್ಗ, ದಾವಣಗೆರೆಗಳು ಹಿಂದುಳಿದ ಜಿಲ್ಲೆಗಳಲ್ಲ. 1965ರಿಂದ ವೈದ್ಯಕೀಯ ಶಿಕ್ಷಣ ನಡೆಯುತ್ತಿರುವ ಊರು ನಮ್ಮದು. ಇಲ್ಲಿ ಈ ರೋಗ ವಿರಳವೆಂದು ನಾವು ಹೇಳಿಕೊಂಡು ಬಂದದ್ದು ರೋಗ ಕಡಿಮೆಯಿದ್ದುದರಿಂದಲೋ, ಕೇಳುವುದು ಕಡಿಮೆಯಿದ್ದುದರಿಂದಲೋ?

ಮದ್ದು, ಹಾಲು, ಬಿಸಿಲು

ಚಿಕಿತ್ಸೆಯ ವಿಷಯದಲ್ಲಿ ಘಟಕದೊಳಗೆ ಒಂದು ದಿನವಿಡೀ ವಾದ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆ 1986ರಿಂದ ಹೇಳುತ್ತ ಬಂದಿರುವುದು ಡಾಕ್ಸಿಸೈಕ್ಲಿನ್ ಜೊತೆಗೆ ರಿಫಾಂಪಿಸಿನ್ ಆರು ವಾರ, ಇಲ್ಲವೇ ಡಾಕ್ಸಿಸೈಕ್ಲಿನ್ ಆರು ವಾರ ಮತ್ತು ಅದರ ಮೊದಲ ಎರಡು ಮೂರು ವಾರ ಸ್ಟ್ರೆಪ್ಟೊಮೈಸಿನ್ ಸೂಜಿ. ಬೆನ್ನುಮೂಳೆಗೆ ಇಳಿದ ರೋಗಕ್ಕೆ ಅವಧಿ ಕನಿಷ್ಠ ಮೂರು ತಿಂಗಳು. ಆದರೆ ರಿಫಾಂಪಿಸಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಎರಡೂ ಕ್ಷಯದ ಮದ್ದುಗಳೇ. ಈ ಮೂಳೆಯಲ್ಲಿ ಎಲ್ಲೋ ಕ್ಷಯವೂ ಅಡಗಿದ್ದು, ನಾವು ಅವುಗಳಲ್ಲಿ ಒಂದನ್ನು ಮಾತ್ರ ತಿಂಗಳುಗಟ್ಟಲೆ ಕೊಟ್ಟರೆ, ಮದ್ದಿಗೆ ಬಗ್ಗದ ಕ್ಷಯವನ್ನು ನಾವೇ ಸಾಕಿ ಬೆಳೆಸಿದಂತೆ. ಆದ್ದರಿಂದ ಕ್ಷಯದ ಕಲ್ಚರ್ ಬರುವವರೆಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆ ಎರಡು ಸಲ, ಮೊದಲ ಹದಿನಾಲ್ಕು ದಿನ ಕ್ಷಯದ ಮದ್ದಲ್ಲದ ಜೆಂಟಾಮೈಸಿನ್ ಸೂಜಿ ಎಂದು ತೀರ್ಮಾನಿಸಿದೆವು. ಆರು ವಾರದ ನಂತರ ಕ್ಷಯದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲವೆಂದು ತಿಳಿದಾಗ ರಿಫಾಂಪಿಸಿನ್ ಸೇರಿಸಿದೆವು. ರಿಫಾಂಪಿಸಿನ್ ರಕ್ತದಲ್ಲಿ ಡಾಕ್ಸಿಸೈಕ್ಲಿನ್ ಪ್ರಮಾಣವನ್ನು ಇಳಿಸುತ್ತದೆಂಬ ಕಾರಣಕ್ಕೆ ಸಹೋದ್ಯೋಗಿಯೊಬ್ಬರು ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಅವರ ಆಕ್ಷೇಪಣೆಯನ್ನೂ ಕೇಸ್ ಶೀಟಿನಲ್ಲಿ ಬರೆದಿಟ್ಟಿದ್ದೇವೆ.

ಜೆಂಟಾಮೈಸಿನ್ ಮೂತ್ರಪಿಂಡವನ್ನೂ ಒಳಕಿವಿಯನ್ನೂ ಕೆಡಿಸಬಲ್ಲದು. ಕಿವಿಯಲ್ಲಿ ಕೇಳುವಿಕೆಗಿಂತ ಮೊದಲು ಹದಗೆಡುವುದು ಹೆಚ್ಚಾಗಿ ಮೈಯ ಸಮತೋಲನ. ಕತ್ತಲೆಯಲ್ಲಿ ಗದ್ದೆಯ ಬದುವಿನ ಮೇಲೆ ನಡೆಯಬೇಕಾದವರಿಗೆ, ಗಂಟೆಯ ಸದ್ದಿನಿಂದಲೇ ಮಂದೆ ಎತ್ತ ಸರಿಯಿತೆಂದು ತಿಳಿಯುವವರಿಗೆ ಅದು ಸಣ್ಣ ನಷ್ಟವಲ್ಲ. ವಾರಕ್ಕೆರಡು ಸಲ ಕ್ರಿಯಾಟಿನಿನ್ ನೋಡಿದೆವು, ಕಿವಿಯ ಪರೀಕ್ಷೆ ಮಾಡಿಸಿದೆವು, ಪ್ರತಿ ಸಂಜೆ ಕಣ್ಣು ಮುಚ್ಚಿ ನಿಲ್ಲಿಸಿ ಓಲಾಡುತ್ತಾರೆಯೇ ಎಂದು ನೋಡಿದೆವು.

ಏಳನೆಯ ದಿನ ಜ್ವರ ಬಿಟ್ಟಿತು, ಹನ್ನೊಂದನೆಯ ದಿನ ಮತ್ತೆ ಸ್ವಲ್ಪ ಏರಿತು. ಕಾರಣ ಹುಡುಕಲು ಹೋದಾಗ ಸಿಕ್ಕಿದ್ದು ಹಾಸಿಗೆಯ ಪಕ್ಕದ ಸ್ಟೀಲ್ ಲೋಟ. ‘ಮಾತ್ರೆ ಉಷ್ಣ’ ಎಂದು ಹೆಂಡತಿ ಪ್ರತಿ ಸಲವೂ ದೊಡ್ಡ ಲೋಟ ಹಾಲಿನ ಜೊತೆ ಡಾಕ್ಸಿಸೈಕ್ಲಿನ್ ನುಂಗಿಸುತ್ತಿದ್ದರು. ಹಾಲಿನ ಕ್ಯಾಲ್ಸಿಯಂ ಈ ಔಷಧಿಯನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ ರಕ್ತಕ್ಕೆ ಇಳಿಯದಂತೆ ತಡೆಯುತ್ತದೆ. ಜ್ವರ ಏರಿದ್ದಕ್ಕೆ ಅದೊಂದೇ ಕಾರಣವೆಂದು ನಾನು ಸಾಧಿಸಲಾರೆ. ನೀರಿನ ಜೊತೆ ನುಂಗಿಸಲು ಶುರುಮಾಡಿದ ಮೇಲೆ ಜ್ವರ ಮರಳಲಿಲ್ಲವೆಂದಷ್ಟೇ ಹೇಳಬಲ್ಲೆ. ತುಂಬು ಲೋಟ ನೀರು, ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಹಾಲಿಗೂ ಮಾತ್ರೆಗೂ ಎರಡು ಗಂಟೆಯ ಅಂತರವಿರಲಿ ಎಂದು ಬಿಡಿಸಿ ಹೇಳಿದೆವು. ಡಾಕ್ಸಿಸೈಕ್ಲಿನ್ ತಿನ್ನುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆಂದು ಹೇಳಿದಾಗ ರೋಗಿ ನಕ್ಕುಬಿಟ್ಟರು. ದಿನವಿಡೀ ಬಯಲಲ್ಲಿ ನಿಲ್ಲುವ ಮನುಷ್ಯನಿಗೆ ಮೂರು ತಿಂಗಳು ಬಿಸಿಲು ತಪ್ಪಿಸು ಎನ್ನುವುದರ ಅರ್ಥಹೀನತೆ ನಮಗೂ ಹೊಳೆಯಿತು. ಕೊನೆಗೆ ತುಂಬುತೋಳಿನ ಅಂಗಿ, ತಲೆಗೆ ಕಂಬಳಿಯ ಕೊಪ್ಪೆ, ಮಧ್ಯಾಹ್ನ ಮೇಯಿಸುವುದು ಮಗ ಎಂದು ಒಪ್ಪಂದವಾಯಿತು.

ಈ ನಡುವೆ ಪ್ರಯೋಗಾಲಯದ ಇಬ್ಬರನ್ನು ಮರೆಯುವಂತಿರಲಿಲ್ಲ. ತೆರೆದ ಮೇಜಿನ ಮೇಲೆ ತಟ್ಟೆ ಎಳೆದ ತಂತ್ರಜ್ಞರು ಮತ್ತು ಪಕ್ಕದಲ್ಲೇ ನಿಂತಿದ್ದ ವಿದ್ಯಾರ್ಥಿ ರೋಗಾಣುವಿನ ತುಂತುರನ್ನು ಉಸಿರಾಡಿರುವ ಸಾಧ್ಯತೆಯಿತ್ತು. ಪ್ರಯೋಗಾಲಯದಲ್ಲಿ ಅಂಟುವ ಬ್ಯಾಕ್ಟೀರಿಯಾ ರೋಗಗಳಲ್ಲಿ ಇದು ಮುಂಚೂಣಿಯದು. ಇಬ್ಬರಿಗೂ ಮೂರು ವಾರ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಕೊಟ್ಟು, ಅಂದೇ ಒಮ್ಮೆ, ಆಮೇಲೆ 6, 12, 18 ಮತ್ತು 24ನೆಯ ವಾರಗಳಲ್ಲಿ ರಕ್ತ ಪರೀಕ್ಷಿಸಿದೆವು. ಇಬ್ಬರೂ ಪಾರಾದರು. ‘ಅನುಮಾನಿತ ಬ್ರುಸೆಲ್ಲಾ’ ಎಂದು ಬೇಡಿಕೆ ಚೀಟಿಯಲ್ಲಿ ನಾವು ಎರಡು ಪದ ಬರೆದಿದ್ದರೆ ಆ ತಟ್ಟೆ ಮೊದಲಿನಿಂದಲೂ ಸುರಕ್ಷತೆಯ ಪೆಟ್ಟಿಗೆಯೊಳಗೇ ತೆರೆಯುತ್ತಿತ್ತು.

ಮನೆಯವರು ಮತ್ತು ಮಂದೆ

ಮನೆಯ ನಾಲ್ವರ ರಕ್ತ ನೋಡಿದಾಗ ಹತ್ತೊಂಬತ್ತು ವರ್ಷದ ಮಗನಲ್ಲೂ ರೋಸ್ ಬೆಂಗಾಲ್ ಗಂಟು ಕಟ್ಟಿತು. ಮೂರು ತಿಂಗಳಿಂದ ಅವನ ಮೊಣಕಾಲು ನೋಯುತ್ತಿತ್ತು. ಕಬಡ್ಡಿಯ ಪೆಟ್ಟೆಂದು ಎಣ್ಣೆ ತಿಕ್ಕುತ್ತಿದ್ದರು. ಅವನಿಗೂ ಚಿಕಿತ್ಸೆ ಶುರುವಾಯಿತು. ಹೆಂಡತಿಯಲ್ಲಿ ರೋಗದ ಗುರುತಿರಲಿಲ್ಲ. ಆಕೆಗೆ ಮೇಕೆಯ ಹಾಲಿನ ವಾಸನೆಯೇ ಆಗದಂತೆ.

ಪಶುವೈದ್ಯರು ಮಂದೆ ನೋಡಲು ಒಪ್ಪಿದರು. ಆದರೆ ಅವರ ಕೈಯಲ್ಲಿದ್ದ ಉಪಾಯಗಳು ಕಡಿಮೆ. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಂದು ರೋಗದ ಲಸಿಕೆ ಇರುವುದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ದನ ಮತ್ತು ಎಮ್ಮೆಗಳಲ್ಲಿ; ಕುರಿ ಮೇಕೆಗಳು ಆ ಪಟ್ಟಿಯಲ್ಲಿಲ್ಲ. ಮನುಷ್ಯರಲ್ಲಿ ಹೆಚ್ಚು ಕೆಡುಕು ಮಾಡುವ ಜಾತಿ ಇರುವುದು ಕುರಿ ಮೇಕೆಗಳಲ್ಲೇ. ಸೋಂಕಿರುವ ಕುರಿಗಳನ್ನು ಬೇರ್ಪಡಿಸಿ, ಸತ್ತೆಯನ್ನೂ ಸತ್ತ ಮರಿಯನ್ನೂ ಸುಣ್ಣ ಹಾಕಿ ಆಳವಾಗಿ ಹೂಳಿ, ಕೈಗವಸು ಹಾಕದೆ ಈಯಿಸಬೇಡಿ ಎಂದು ಹೇಳಬಹುದಿತ್ತು, ಹೇಳಿದರು. ಕಂದು ಹಾಕಿದ ಹನ್ನೊಂದನ್ನು ತೋರಿಸಿ ಎಂದಾಗ ರೋಗಿ ನೆಲ ನೋಡಿದರು. ಎಂಆರ್‌ಐಗೆ ಹಣ ಹೊಂದಿಸಲು ಏಪ್ರಿಲ್‌ನಲ್ಲಿ ಸಂತೆಗೆ ಹೊಡೆದದ್ದು ಅವೇ ಕುರಿಗಳನ್ನು. ಮರಿ ನಿಲ್ಲದ ಕುರಿಯನ್ನು ಯಾರು ತಾನೇ ಉಳಿಸಿಕೊಳ್ಳುತ್ತಾರೆ? ಕೊಂಡವರಲ್ಲಿ ಕೆಲವರು ಕಸಾಯಿಗಳು, ಕೆಲವರು ಸಾಕುವವರು. ಯಾರು, ಯಾವ ಊರಿನವರು ಎಂದು ಅವರಿಗೆ ಗೊತ್ತಿಲ್ಲ.

ಈ ಪ್ರಕರಣವನ್ನು ಬರೆದು ಪ್ರಕಟಿಸಲು ಒಪ್ಪಿಗೆ ಕೇಳಿದಾಗಲೂ ಅವರ ಚಿಂತೆ ಮಂದೆಯದ್ದೇ ಆಗಿತ್ತು. ಒಪ್ಪಿಗೆ ಪತ್ರದ ಕನ್ನಡ ಅನುವಾದವನ್ನು ನಾನು ಓದಿ ಹೇಳಿದೆ. ‘ವೈದ್ಯಕೀಯ ಮಾಹಿತಿಯ ಅನಾಮಧೇಯತೆಯನ್ನು ಕಾಪಾಡಲಾಗುವುದು’ ಎಂಬ ಸಾಲಿನ ಹತ್ತಿರ ಅವರು ತಡೆದು ಕೇಳಿದರು: ‘ನನ್ನ ಹೆಸರು ಬಂದ್ರೂ ಅಡ್ಡಿಯಿಲ್ಲ ಸಾರ್. ಕುರಿಗೆ ರೋಗ ಐತಿ ಅಂತ ಸಂತೇಲಿ ಗೊತ್ತಾಗಬಾರ್ದು.’ ನಮ್ಮ ನೀತಿ ಸಮಿತಿಯ ನಮೂನೆಯಲ್ಲಿ ರೋಗಿಯ ಗೌಪ್ಯತೆಗೆ ಅರ್ಧ ಪುಟವಿದೆ, ಅವರ ಬದುಕಿನ ಗೌಪ್ಯತೆಗೆ ಒಂದು ಸಾಲೂ ಇಲ್ಲ. ಊರಿನ ಹೆಸರನ್ನು ಕೈಬಿಟ್ಟದ್ದು ಅವರ ಆ ಮಾತಿಗೆ.

ಕಾಲೇಜಿನೊಳಗೆ ಎರಡು ಬದಲಾವಣೆಗಳಾದವು. ಕೇಸ್ ಶೀಟಿನ ‘ಉದ್ಯೋಗ’ದ ಕೆಳಗೆ ‘ದನ, ಕುರಿ, ಮೇಕೆ ಸಾಕಣೆ, ಕಂದು ಹಾಕಿದ್ದುಂಟೇ, ಹಸಿಹಾಲು ಕುಡಿಯುವುದುಂಟೇ’ ಎಂಬ ಸಾಲನ್ನು ರಬ್ಬರ್ ಮುದ್ರೆ ಮಾಡಿಸಿ ಹೊಡೆಯುತ್ತಿದ್ದೇವೆ, ಅಚ್ಚಿನ ಹೊಸ ಹಾಳೆ ಬರಲು ಹಳೆಯ ದಾಸ್ತಾನು ಮುಗಿಯಬೇಕಂತೆ. ಇನ್ನೊಂದು, ‘ಕಂದು’ ಎಂದರೆ ಬಣ್ಣವೆಂದುಕೊಂಡಿದ್ದ ಅದೇ ವಿದ್ಯಾರ್ಥಿನಿ ಎರಡು ವಾರ ಮೀರಿದ ಜ್ವರ ಮತ್ತು ಸೊಂಟನೋವಿನ ರೋಗಿಗಳಲ್ಲಿ ಈ ರೋಗವನ್ನು ಹುಡುಕುವ ವಿಷಯವನ್ನು ತನ್ನ ಪ್ರಬಂಧಕ್ಕೆ ಆರಿಸಿಕೊಂಡು ವಿಶ್ವವಿದ್ಯಾಲಯಕ್ಕೆ ಸಾರಾಂಶ ಸಲ್ಲಿಸಿದ್ದಾರೆ. ಪ್ರಶ್ನಾವಳಿಯನ್ನು ಆಕೆ ಮೊದಲು ಬರೆದದ್ದು ಇಂಗ್ಲಿಷಿನಲ್ಲಲ್ಲ. ಗೊಲ್ಲರಹಟ್ಟಿಯೊಂದಕ್ಕೆ ಹೋಗಿ ಎರಡು ದಿನ ಕೂತು, ಅಲ್ಲಿನ ಹೆಂಗಸರ ಬಾಯಿಂದ ಕೇಳಿ ಬರೆದದ್ದು.

ಅಕ್ಟೋಬರ್‌ನಲ್ಲಿ ಮೂರು ತಿಂಗಳ ಚಿಕಿತ್ಸೆ ಮುಗಿಯಿತು. ರೋಗಿಯ ತೂಕ 58 ಕಿಲೋಗೆ ಏರಿತ್ತು, ಇಎಸ್‌ಆರ್ 18ಕ್ಕೆ ಇಳಿದಿತ್ತು, ಸೊಂಟ ಬಾಗುತ್ತಿತ್ತು. ನಳಿಕೆ ಪರೀಕ್ಷೆಯ ಅಳತೆ 1:160ಕ್ಕೆ ಬಂದಿತ್ತು. ಈ ರೋಗ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಒಂದು ವರ್ಷದೊಳಗೆ ಮರಳುತ್ತದೆ, ಆದ್ದರಿಂದ ಮೂರು ತಿಂಗಳಿಗೊಮ್ಮೆ ನೋಡಬೇಕು. ಜನವರಿ ಹದಿನೈದಕ್ಕೆ ಬರಲು ಚೀಟಿ ಬರೆದುಕೊಟ್ಟಿದ್ದೆ. ಬರಲಿಲ್ಲ. ಫೆಬ್ರವರಿ ಮೊದಲ ವಾರ ಮಗನನ್ನು ಕರೆದುಕೊಂಡು ತಾವೇ ಬಂದರು. ಹರಿಹರದ ಕಡೆ ಗದ್ದೆಗಳಲ್ಲಿ ಮಂದೆ ನಿಲ್ಲಿಸಿದ್ದು ಮುಗಿದ ಮೇಲಷ್ಟೇ ಬಿಡುವಾಯಿತೆಂದರು. ಈ ಸಲ ಎರಡು ಕುರಿ ಕಂದು ಹಾಕಿದವೆಂದೂ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೂಳಿದೆನೆಂದೂ ಕೇಳುವ ಮೊದಲೇ ಹೇಳಿದರು. ಮುಂದಿನ ಭೇಟಿಯ ಜಾಗದಲ್ಲಿ ತಾರೀಖು ಬರೆಯುವ ಬದಲು ‘ಬೇಸಿಗೆ ಭತ್ತದ ಕೊಯ್ಲು ಮುಗಿದು ಮಂದೆ ಊರಿಗೆ ಮರಳಿದ ವಾರ’ ಎಂದು ಬರೆದು, ಆ ಚೀಟಿಯ ಇನ್ನೊಂದು ಪ್ರತಿಯನ್ನು ಹೆಂಡತಿಗೆ ಕಳಿಸಿದ್ದೇನೆ.